ಇಪ್ಪತ್ತು ಟನ್ ತಡೆಯುವ ಚೌಕಟ್ಟು

ಏರ್ ಹೈಡ್ರಾಲಿಕ್ ಪ್ರೆಸ್ ಎಂದರೆ ಎರಡು ಕಂಬ, ಮೇಲೊಂದು ತೊಲೆ, ಕೆಳಗೊಂದು ತೊಲೆ, ನಡುವೆ ಎಣ್ಣೆ ತುಂಬಿದ ಒಂದು ಬಾಟಲ್ ಜಾಕ್. ಲಾರಿಯ ಚಕ್ರ ಎತ್ತಲು ಬಳಸುವ ಜಾಕೇ ಇದು. ಅದರ ಪಂಪನ್ನು ಇಲ್ಲಿ ಕೈಯ ಬದಲು ಕಂಪ್ರೆಸರಿನ ಗಾಳಿ ಓಡಿಸುತ್ತದೆ. ಟ್ರ್ಯಾಕ್ಟರಿನ ಹಬ್ಬಿನಿಂದ ಬೇರಿಂಗ್ ಕಳಚಲು, ಸಸ್ಪೆನ್ಷನ್ ಬುಷ್ ಕೂರಿಸಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬಿಚ್ಚಲು, ಬಾಗಿದ ಶಾಫ್ಟ್ ನೆಟ್ಟಗೆ ಮಾಡಲು, ದಪ್ಪ ಪಟ್ಟಿ ಬಗ್ಗಿಸಲು ಸಣ್ಣ ವರ್ಕ್‌ಶಾಪಿಗೆ ಇದಕ್ಕಿಂತ ಒದಗುವ ಯಂತ್ರ ಇನ್ನೊಂದಿಲ್ಲ. ಪ್ರೆಸ್ ಇಲ್ಲದ ಕಡೆ ಈ ಕೆಲಸಗಳೆಲ್ಲ ಸುತ್ತಿಗೆಯಿಂದಲೇ ನಡೆಯುತ್ತವೆ. ಸುತ್ತಿಗೆಯ ಪೆಟ್ಟು ಬೇರಿಂಗಿನ ಗುಂಡುಗಳ ಮೂಲಕ ಹಾದು ಅವು ಓಡಾಡುವ ಹಾದಿಯಲ್ಲಿ ಕಣ್ಣಿಗೆ ಕಾಣದ ಕುಳಿ ಮೂಡಿಸುತ್ತದೆ. ಹೊಸ ಬೇರಿಂಗ್ ತಿಂಗಳೊಪ್ಪತ್ತಿನಲ್ಲೇ ಸದ್ದು ಮಾಡತೊಡಗಿದರೆ ಬೈಗುಳ ಬೀಳುವುದು ಬೇರಿಂಗ್ ಮಾಡಿದ ಕಂಪನಿಗೆ. ತಪ್ಪು ಬಹಳ ಸಲ ಕೂರಿಸಿದ ಕೈಯದು.

ಸಿದ್ಧ ಪ್ರೆಸ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆದರೂ ವೆಲ್ಡಿಂಗ್ ಬಲ್ಲವರು ಚೌಕಟ್ಟನ್ನು ತಾವೇ ಕಟ್ಟಲು ಹೊರಡುವುದಕ್ಕೆ ಕಾರಣ ಹಣ ಒಂದೇ ಅಲ್ಲ. ಮಾಮೂಲಿ 20 ಟನ್ ಪ್ರೆಸ್‌ನ ಬಾಯಿಗೆ ಅಗಲವಾದ ಹಬ್ ಹಿಡಿಸದಿರಬಹುದು. ಕಡಿಮೆ ಬೆಲೆಯ ಮಾದರಿಗಳಲ್ಲಿ ತೊಲೆ ತೆಳ್ಳಗಿರುತ್ತದೆ. ಜಾಕನ್ನು ಮಾತ್ರ ಯಾರೂ ಮನೆಯಲ್ಲಿ ಮಾಡುವುದಿಲ್ಲ, ಮಾಡಲೂಬಾರದು. ಹಾಗಾಗಿ ಮನೆಯಲ್ಲಿ ಪ್ರೆಸ್ ಕಟ್ಟುವುದೆಂದರೆ ಅಂಗಡಿಯಿಂದ ತಂದ ಬಲಕ್ಕೆ ತಕ್ಕ ಚೌಕಟ್ಟು ಕಟ್ಟುವುದು. ಬಲ ಅಗ್ಗ, ಚೌಕಟ್ಟೇ ದುಬಾರಿ. ಲೆಕ್ಕ ತಪ್ಪುವುದೂ ಅಲ್ಲೇ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಪ್ರಮಾಣದಲ್ಲಿ ಹರಡುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದ. ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1663ರಲ್ಲಿ. ಅದನ್ನು ಯಂತ್ರವಾಗಿಸಲು ಮತ್ತೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಬೀಗ ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಸಿದ್ಧಾಂತದಲ್ಲಿ ತೊಡಕಿರಲಿಲ್ಲ, ತೊಡಕಿದ್ದದ್ದು ಸೋರಿಕೆಯಲ್ಲಿ. ದೊಡ್ಡ ಪಿಸ್ಟನ್ನಿನ ಸುತ್ತ ನೀರು ನಿಲ್ಲಬೇಕಾದರೆ ಬಿಗಿಯಾದ ತಡೆ ಬೇಕು. ತಡೆ ಬಿಗಿಯಾದರೆ ಪಿಸ್ಟನ್ನೇ ಸರಾಗವಾಗಿ ಮರಳುವುದಿಲ್ಲ. ಒತ್ತಡ ಏರಿದಾಗ ತಾನಾಗಿ ಅಗಲಿಸಿ ಗೋಡೆಗೆ ಅಂಟಿಕೊಳ್ಳುವ, ಇಳಿದಾಗ ಸಡಿಲವಾಗುವ ಚರ್ಮದ ಬಟ್ಟಲಿನಿಂದ ಇದು ಬಗೆಹರಿಯಿತು. ಇದರ ಶ್ರೇಯಸ್ಸು ಬ್ರಾಮಾನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲೇಗೆ ಸಾಮಾನ್ಯವಾಗಿ ಸಲ್ಲುತ್ತದೆ. ಈಗಿನ ಜಾಕುಗಳಲ್ಲಿ ಚರ್ಮದ ಜಾಗಕ್ಕೆ ನೈಟ್ರೈಲ್ ರಬ್ಬರ್ ಬಂದಿದೆ, ಕೆಲಸ ಮಾತ್ರ ಅದೇ.

ಉದಾಹರಣೆಗೆ 20 ಟನ್ನಿನ ಒಂದು ಜಾಕಿನ ದೊಡ್ಡ ಪಿಸ್ಟನ್ ಅಂದರೆ ರ‍್ಯಾಮ್ 60 ಮಿ.ಮೀ. ವ್ಯಾಸದ್ದು ಎಂದಿಟ್ಟುಕೊಳ್ಳಬಹುದು. ಅದರ ವಿಸ್ತೀರ್ಣ 2,827 ಚದರ ಮಿ.ಮೀ. ಪೂರ್ತಿ 20 ಟನ್ ಭಾರಕ್ಕೆ ಒಳಗಿನ ಎಣ್ಣೆಯ ಒತ್ತಡ ಸುಮಾರು 690 ಬಾರ್‌ಗೆ ಏರುತ್ತದೆ. ಕಾರಿನ ಟಯರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಕೈಪಂಪಿನ ಸಣ್ಣ ಪ್ಲಂಜರ್ 12 ಮಿ.ಮೀ. ಇದ್ದರೆ ಆ ಒತ್ತಡಕ್ಕೆದುರಾಗಿ ಅದನ್ನು ತಳ್ಳಲು ಸುಮಾರು 800 ಕೆ.ಜಿ. ಬಲ ಬೇಕು. ಹಿಡಿಕೆ ಇಪ್ಪತ್ತು ಪಟ್ಟು ಸನ್ನೆಬಲ ಕೊಟ್ಟರೂ ಕೈಗೆ 40 ಕೆ.ಜಿ. ಭಾರ ಬೀಳುತ್ತದೆ. ದಿನಕ್ಕೆ ಒಂದೆರಡು ಬೇರಿಂಗ್ ಆದರೆ ಸರಿ, ದಿನವಿಡೀ ಇದೇ ಕೆಲಸವಾದರೆ ತೋಳು ಸೋಲುತ್ತದೆ. ಗಾಳಿ ಒದಗಿಬರುವುದು ಆಗ.

ಹಾಗಾದರೆ ಎಣ್ಣೆಯೇ ಬೇಡ, ಗಾಳಿಯಿಂದಲೇ ನೇರವಾಗಿ ಒತ್ತಬಾರದೇಕೆ ಎಂಬ ಪ್ರಶ್ನೆ ಸಹಜ. ಸಾಮಾನ್ಯ ಕಂಪ್ರೆಸರ್ ಕೊಡುವುದು 7ರಿಂದ 8 ಬಾರ್. 7 ಬಾರ್ ಗಾಳಿಯಿಂದ 20 ಟನ್ ಪಡೆಯಲು ಸುಮಾರು 60 ಸೆಂ.ಮೀ. ವ್ಯಾಸದ ಪಿಸ್ಟನ್ ಬೇಕು, ಅಂದರೆ ಹತ್ತಿರ ಹತ್ತಿರ ಎಣ್ಣೆ ಡ್ರಮ್ಮಿನಷ್ಟು ದೊಡ್ಡ ಸಿಲಿಂಡರ್. ಅದಕ್ಕಿಂತ ದೊಡ್ಡ ತೊಂದರೆ ಗಾಳಿಯ ಸ್ವಭಾವದ್ದು. ಒತ್ತಿದ ಗಾಳಿ ಹಿಗ್ಗಲು ಕಾಯುತ್ತಿರುತ್ತದೆ. ಹಿಡಿದಿದ್ದ ಬೇರಿಂಗ್ ತಟ್ಟನೆ ಬಿಟ್ಟುಕೊಟ್ಟರೆ ಪಿಸ್ಟನ್ ಅಷ್ಟೂ ಬಲದೊಡನೆ ಮುನ್ನುಗ್ಗುತ್ತದೆ. ಎಣ್ಣೆ ಬಹಳ ಕಡಿಮೆ ಕುಗ್ಗುವುದರಿಂದ ಬೇರಿಂಗ್ ಒಂದೆರಡು ಮಿ.ಮೀ. ಸರಿದ ಕೂಡಲೇ ಒತ್ತಡ ಕುಸಿಯುತ್ತದೆ. ಆದ್ದರಿಂದ ಗಾಳಿ ಪಂಪನ್ನು ಮಾತ್ರ ಓಡಿಸುತ್ತದೆ, ಒತ್ತುವ ಕೆಲಸ ಎಣ್ಣೆಯದು.

ಏರ್ ಹೈಡ್ರಾಲಿಕ್ ಜಾಕಿನ ಪಕ್ಕಕ್ಕೆ ಅಂಟಿಕೊಂಡಂತಿರುವ ಸಣ್ಣ ಸಿಲಿಂಡರೇ ಗಾಳಿಯ ಮೋಟರು. ಅದರೊಳಗೆ ಅಗಲವಾದ ಗಾಳಿ ಪಿಸ್ಟನ್, ಅದರ ತುದಿಗೆ ಕಡ್ಡಿಯಂಥ ಎಣ್ಣೆ ಪ್ಲಂಜರ್. 70 ಮಿ.ಮೀ. ಪಿಸ್ಟನ್ನಿಗೆ 7 ಮಿ.ಮೀ. ಪ್ಲಂಜರ್ ಜೋಡಿಸಿದರೆ ವ್ಯಾಸ ಹತ್ತು ಪಟ್ಟು, ವಿಸ್ತೀರ್ಣ ನೂರು ಪಟ್ಟು. ಅಲ್ಲಿಗೆ 7 ಬಾರ್ ಗಾಳಿ 700 ಬಾರ್ ಎಣ್ಣೆಯಾಯಿತು. ತುದಿ ಮುಟ್ಟಿದ ಕೂಡಲೇ ಗಾಳಿ ಹೊರಬಿದ್ದು ಸ್ಪ್ರಿಂಗು ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ, ಮತ್ತೆ ಗಾಳಿ ನುಗ್ಗುತ್ತದೆ. ಹೀಗೆ ಹೊಲಿಗೆಯಂತ್ರದ ಸೂಜಿಯಂತೆ ಅದು ಪಟಪಟನೆ ಓಡುತ್ತದೆ. ಒಂದು ಹೊಡೆತಕ್ಕೆ 25 ಮಿ.ಮೀ. ಚಲಿಸಿದರೆ ಹೊರಬೀಳುವ ಎಣ್ಣೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್, ರ‍್ಯಾಮ್ ಮುಂದೆ ಸರಿಯುವುದು ಮಿಲಿಮೀಟರಿನ ಮೂರನೇ ಒಂದು ಭಾಗ. 100 ಮಿ.ಮೀ. ಇಳಿಯಲು ಮುನ್ನೂರರ ಆಸುಪಾಸು ಹೊಡೆತ. ಪೂರ್ತಿ ಒತ್ತಡದಲ್ಲೇ ಓಡಿದರೆ ಇಷ್ಟಕ್ಕೆ ಹೊರಗಿನ ಗಾಳಿಯ ಲೆಕ್ಕದಲ್ಲಿ 230 ಲೀಟರ್ ಖರ್ಚಾಗುತ್ತದೆ. 100 ಲೀಟರ್ ಟ್ಯಾಂಕು 8 ಬಾರಿನಿಂದ 6ಕ್ಕೆ ಇಳಿಯುವಾಗ ಕೊಡುವ ಗಾಳಿ ಸುಮಾರು 200 ಲೀಟರ್. ಪಂಕ್ಚರ್ ಅಂಗಡಿಯ ಕಂಪ್ರೆಸರೇ ಸಾಕು ಎಂದು ಇದರಿಂದ ತಿಳಿಯುತ್ತದೆ. ಕಾರಿನ ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಸಾಲದು ಎಂಬುದೂ ತಿಳಿಯುತ್ತದೆ.

ಈ ನೂರು ಪಟ್ಟಿನ ಲೆಕ್ಕದಿಂದ ಇನ್ನೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಎಣ್ಣೆಯ ಒತ್ತಡ ಗಾಳಿಯ ನೂರು ಪಟ್ಟು ತಲುಪಿದ ಮೇಲೆ ಮೋಟರು ತಾನೇ ನಿಂತುಬಿಡುತ್ತದೆ. ರೆಗ್ಯುಲೇಟರನ್ನು 4 ಬಾರ್‌ಗೆ ತಿರುಗಿಸಿದರೆ ಈ ಜಾಕು ಸುಮಾರು ಹನ್ನೊಂದೂವರೆ ಟನ್ ದಾಟುವುದಿಲ್ಲ, ತಿಕ್ಕಾಟ ಕಳೆದರೆ ಇನ್ನೂ ಕಡಿಮೆ. ಸೂಕ್ಷ್ಮ ಕೆಲಸಕ್ಕೆ ಇದಕ್ಕಿಂತ ಸರಳ ಕಡಿವಾಣವಿಲ್ಲ. ಹಾಗೆಯೇ ರೆಗ್ಯುಲೇಟರನ್ನು 10 ಬಾರಿಗೆ ಏರಿಸಿದರೆ ಎಣ್ಣೆ 1,000 ಬಾರಿನತ್ತ ಹೊರಡುತ್ತದೆ. ಆಗ ಕಾಯುವುದು ಜಾಕಿನೊಳಗಿನ ರಿಲೀಫ್ ವಾಲ್ವ್ ಒಂದೇ. ಆ ವಾಲ್ವಿನ ಸ್ಕ್ರೂ ಬಿಗಿ ಮಾಡಿ ಜಾಸ್ತಿ ಟನ್ ತೆಗೆಯುವ ಚಾಳಿ ಕೆಲವು ಕಡೆ ಇದೆ. ಅದು ಬುದ್ಧಿವಂತಿಕೆಯಲ್ಲ.

ಇನ್ನು ಚೌಕಟ್ಟು. ಜಾಕು ಕೆಳಗಿನ ವಸ್ತುವನ್ನು 20 ಟನ್ನಿನಿಂದ ತಳ್ಳಿದಷ್ಟೇ ಬಲದಿಂದ ಮೇಲಿನ ತೊಲೆಯನ್ನೂ ತಳ್ಳುತ್ತದೆ. ಕೆಳಗಿನ ತೊಲೆ ಕೆಳಕ್ಕೆ, ಮೇಲಿನದು ಮೇಲಕ್ಕೆ ಬಾಗಲು ನೋಡುತ್ತವೆ. ನಡುವಿನ ಎರಡು ಕಂಬಗಳು ತಲಾ 10 ಟನ್ ಎಳೆತ ಹೊರುತ್ತವೆ. ನೆಲಕ್ಕೆ ಇದರಲ್ಲಿ ಯಾವ ಪಾಲೂ ಇಲ್ಲ, ಅದು ಹೊರುವುದು ಯಂತ್ರದ ತೂಕ ಮಾತ್ರ. ನೆಲಕ್ಕೆ ದಪ್ಪ ಕಾಂಕ್ರೀಟ್ ಹಾಕಿಸಿ ತೊಲೆಗೆ ಕೈಗೆ ಸಿಕ್ಕಿದ ಚಾನಲ್ (ಇಂಗ್ಲಿಷಿನ C ಆಕಾರದ ಉಕ್ಕು) ಹಾಕುವವರು ಈ ಸಂಗತಿಯನ್ನು ಗಮನಿಸಿರುವುದಿಲ್ಲ.

ಎರಡು ಕಂಬಗಳ ಪಿನ್ನುಗಳ ನಡುವೆ 600 ಮಿ.ಮೀ. ಅಂತರ, ನಡುಮಧ್ಯೆ 20 ಟನ್ ಭಾರ. ಭಾರವನ್ನು ಅಂತರದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ತೊಲೆಯನ್ನು ಬಗ್ಗಿಸುವ ಪ್ರಮಾಣ ಸಿಗುತ್ತದೆ. ಇದನ್ನು ಚಾನಲ್ಲಿನ ಅಡ್ಡಕೊಯ್ತದ ಗುಣಾಂಕದಿಂದ ಭಾಗಿಸಿದರೆ ಉಕ್ಕಿನ ಮೇಲಿನ ಬಿಗುಪು. ಗುಣಾಂಕದ ಅಂಕಿ ಉಕ್ಕಿನ ಕೋಷ್ಟಕಗಳಲ್ಲಿ ಸಿಗುತ್ತದೆ: 100 ಮಿ.ಮೀ. ಎತ್ತರದ ಐಎಸ್‌ಎಂಸಿ (ಭಾರತೀಯ ಮಾನಕದ ಮಧ್ಯಮ ತೂಕದ) ಚಾನಲ್ಲಿಗೆ ಸುಮಾರು 37 ಘನ ಸೆಂ.ಮೀ., 150ಕ್ಕೆ 104, 200ಕ್ಕೆ 182. ಕಬ್ಬಿಣದ ಅಂಗಡಿಯಲ್ಲಿ ಸಿಗುವ ಐಎಸ್ 2062 ದರ್ಜೆಯ ಮಾಮೂಲಿ ಉಕ್ಕು ಚದರ ಮಿ.ಮೀ.ಗೆ 250 ನ್ಯೂಟನ್ನಿನ ಹತ್ತಿರ ಶಾಶ್ವತವಾಗಿ ಬಾಗತೊಡಗುತ್ತದೆ. ದಿನಬಳಕೆಗೆ 165ಕ್ಕಿಂತ ಕೆಳಗಿರಬೇಕು ಎಂಬುದು ಹಳೆಯ ರೂಢಿ.

100ರ ಚಾನಲ್ ಎರಡು ಜೋಡಿಸಿದರೆ ಬರುವ ಬಿಗುಪು 394. ಅಂದರೆ 20 ಟನ್ ತಲುಪುವ ಮೊದಲೇ ತೊಲೆ ಬಿಲ್ಲಾಗಿರುತ್ತದೆ. 150ರ ಜೋಡಿಗೆ 142. ಇದು ನಡೆಯುತ್ತದೆ, ಆದರೆ ಮಿಕ್ಕಿ ಉಳಿಯುವುದು ಸ್ವಲ್ಪವೇ. 200ರ ಜೋಡಿಗೆ 81, ಮೂರು ಪಟ್ಟು ಭದ್ರತೆ. ಬಾಗುವಿಕೆಯೂ ಹಾಗೆಯೇ: ಪೂರ್ತಿ ಭಾರದಲ್ಲಿ 150ರ ಜೋಡಿ 0.28 ಮಿ.ಮೀ. ಬಾಗಿದರೆ 200ರದು 0.12 ಮಾತ್ರ. ಮೀಟರಿಗೆ 22 ಕೆ.ಜಿ. ತೂಗುವ 200ರ ಚಾನಲ್ಲಿಗೂ 16 ಕೆ.ಜಿ. ಚಿಲ್ಲರೆ ತೂಗುವ 150ರದಕ್ಕೂ ಇರುವ ವ್ಯತ್ಯಾಸ ಎರಡು ತೊಲೆ ಸೇರಿ ಇಪ್ಪತ್ತು ಕೆ.ಜಿ.ಯೂ ಆಗುವುದಿಲ್ಲ. ಇಲ್ಲಿ ಉಳಿತಾಯಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದಲೋ ಒಡೆದ ಶೆಡ್ಡಿನಿಂದಲೋ ಹಳೆ ಚಾನಲ್ ತರುವುದಾದರೆ ತುಕ್ಕು ಉಜ್ಜಿ ತೆಗೆದ ಮೇಲೆ ಉಳಿದ ದಪ್ಪವನ್ನು ವರ್ನಿಯರಿನಿಂದ ಅಳೆದೇ ಲೆಕ್ಕ ಹಾಕಬೇಕು. ಒಂದು ಮಾತು ಇಲ್ಲೇ ಹೇಳುವುದು ಒಳ್ಳೆಯದು: 20 ಟನ್ನಿಗೆ ಸಲೀಸಾಗಿ ನಿಲ್ಲುವ ಈ 200ರ ತೊಲೆಯ ಕೆಳಗೆ 50 ಟನ್ ಜಾಕು ತಂದಿಟ್ಟರೆ ಬಿಗುಪು 200 ದಾಟುತ್ತದೆ. ಚೌಕಟ್ಟಿನ ಮೇಲೆ ಅದರ ತಡೆಮಿತಿಯನ್ನು ದಪ್ಪಕ್ಷರದಲ್ಲಿ ಬರೆದಿಡಬೇಕು, ಏಕೆಂದರೆ ಮುಂದೆ ಜಾಕು ಬದಲಿಸುವವರು ಕಟ್ಟಿದವರೇ ಆಗಿರಬೇಕೆಂದೇನೂ ಇಲ್ಲ.

ಕಂಬಗಳಿಗೆ 150ರ ಚಾನಲ್ ಬೇಕಾದಷ್ಟಾಯಿತು. 10 ಟನ್ ಎಳೆತಕ್ಕೆ, ಪಿನ್ನಿನ ರಂಧ್ರ ಕಳೆದ ಮೇಲೂ ಬಿಗುಪು 65 ದಾಟುವುದಿಲ್ಲ. ತೊಲೆಯ ಎರಡು ಚಾನಲ್‌ಗಳು ಕಂಬದ ಮುಂದೊಂದು ಹಿಂದೊಂದು ಅಪ್ಪಿಕೊಂಡು ನಿಲ್ಲುತ್ತವೆ. ಹಾಗಾಗಿ ಅವೆರಡರ ನಡುವೆ 150 ಮಿ.ಮೀ. ಕಿಂಡಿ ಉಳಿಯುತ್ತದೆ. ಅಷ್ಟೆಲ್ಲ ಲೆಕ್ಕ ಹಾಕಿದವರೂ ಎಡವುವುದು ಈ ಕಿಂಡಿಯಲ್ಲಿ. ಜಾಕಿನ ತಲೆ ತಾಗುವುದು ಚಾನಲ್ಲಿಗಲ್ಲ, ಕಿಂಡಿಗೆ ಅಡ್ಡಲಾಗಿ ಕೂತ ಪ್ಲೇಟಿಗೆ. ಆ ಪ್ಲೇಟೂ ಒಂದು ತೊಲೆಯೇ, ಹಿಂದು-ಮುಂದಾಗಿ ಕೂತ ಗಿಡ್ಡ ತೊಲೆ. 150 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಪ್ಲೇಟು ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ. 20 ಟನ್ ಅದರ ನಡುವೆ ಬಿದ್ದರೆ ಬಿಗುಪು 470. ಅದೇ ಪ್ಲೇಟು 50 ಮಿ.ಮೀ. ದಪ್ಪವಿದ್ದರೆ 118ಕ್ಕೆ ಇಳಿಯುತ್ತದೆ. ದಪ್ಪ ಎರಡು ಪಟ್ಟಾದಾಗ ಬಲ ನಾಲ್ಕು ಪಟ್ಟಾಗುತ್ತದೆ. ಕೆಲಸದ ವಸ್ತು ಇಡುವ ಕೆಳಗಿನ ಅಡ್ಡಪಟ್ಟಿಗಳಿಗೂ ಇದೇ ಮಾತು ಅನ್ವಯ. ಅಂಥ ದಪ್ಪದ ತುಂಡು ಉಕ್ಕು ಸಿಗುವುದು ಗ್ಯಾಸ್ ಕಟಿಂಗ್ ಮಾಡಿ ತೂಕದ ಲೆಕ್ಕದಲ್ಲಿ ಮಾರುವ ಅಂಗಡಿಗಳಲ್ಲಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸುತ್ತ ಇವುಗಳಿಗೆ ಬರವಿಲ್ಲ.

ಪಿನ್ನುಗಳಿಗೆ 30 ಮಿ.ಮೀ. ಇಎನ್8 ದರ್ಜೆಯ ಉಕ್ಕಿನ ಸರಳು ಹಿತ. ಕೆಳಗಿನ ತೊಲೆ ಎರಡು ಪಿನ್ನುಗಳ ಮೇಲೆ ಕೂರುತ್ತದೆ. ಪ್ರತಿ ಪಿನ್ನು ಕಂಬದ ಮುಂದೆ ಹಿಂದೆ ಎರಡು ಕಡೆ ಕತ್ತರಿಸಿಕೊಳ್ಳಲು ನೋಡುತ್ತದೆ, ಒಂದೊಂದು ಕಡೆಗೂ 5 ಟನ್. 30 ಮಿ.ಮೀ. ಸರಳಿನಲ್ಲಿ ಅದು ಚದರ ಮಿ.ಮೀ.ಗೆ 70 ನ್ಯೂಟನ್ನಿನಷ್ಟು, ಚಿಂತೆಯಿಲ್ಲ. ಮೇಲಿನ ತೊಲೆಯದು ತಿರುಗುಮುರುಗು. ಅದು ಮೇಲಕ್ಕೆ ತಳ್ಳಿಸಿಕೊಳ್ಳುವುದರಿಂದ ಪಿನ್ನು ಅದರ ನೆತ್ತಿಯ ಮೇಲಿರಬೇಕು, ಪಿನ್ನಿನ ಮೇಲೂ ಕನಿಷ್ಠ 60 ಮಿ.ಮೀ. ಕಂಬ ಉಳಿದಿರಬೇಕು. ಹೀಗೆ ಮಾಡಿದರೆ 20 ಟನ್ ಬಲ ಬೆಸುಗೆಯ ಮೂಲಕ ಹಾಯುವುದೇ ಇಲ್ಲ. ಬೆಸುಗೆ ತೊಲೆಯನ್ನು ಅಲುಗದಂತೆ ಹಿಡಿದಿರುತ್ತದೆ, ಅಷ್ಟೇ. ಪೂರ್ತಿ ಬೆಸುಗೆಯನ್ನೇ ನಂಬಿ ಕಟ್ಟಿದ ಪ್ರೆಸ್‌ಗಳೂ ಕೆಲಸ ಮಾಡುತ್ತವೆ. ಆದರೆ ಬೆಸುಗೆಯೊಳಗಿನ ಹುಳುಕು ಹೊರಗಿನಿಂದ ಕಾಣುವುದಿಲ್ಲ, ಪಿನ್ನು ಬಾಗಿದರೆ ಕಾಣುತ್ತದೆ.

ರಂಧ್ರ ಕೊರೆಯುವ ಮೊದಲು ಎರಡೂ ಕಂಬಗಳನ್ನು ಕ್ಲ್ಯಾಂಪ್ ಹಾಕಿ ಒಟ್ಟಿಗೆ ಬಿಗಿಯಬೇಕು. ಒಂದೇ ಗುರುತಿನಿಂದ ಎರಡಕ್ಕೂ ಕೊರೆದರೆ ತೊಲೆ ಓರೆಯಾಗಿ ಕೂರುವ ಪ್ರಶ್ನೆಯೇ ಬರುವುದಿಲ್ಲ. 100ರಿಂದ 150 ಮಿ.ಮೀ.ಗೊಂದು ರಂಧ್ರ, ಪಿನ್ನಿಗಿಂತ ಒಂದು ಮಿ.ಮೀ. ದೊಡ್ಡದು. ಗ್ಯಾಸಿನಿಂದ ಕೊಯ್ದ ರಂಧ್ರದ ಅಂಚು ಹಲ್ಲುಹಲ್ಲಾಗಿರುತ್ತದೆ, ಪಿನ್ನು ಎರಡು ಮೂರು ಕಡೆ ಮಾತ್ರ ತಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಚಾನಲ್ಲಿನ ಹೊಟ್ಟೆಯೊಳಗೆ, ಪಿನ್ನು ಬರುವ ಕಡೆ ಮತ್ತು ನಡುವೆ ಜಾಕು ತಳ್ಳುವ ಕಡೆ, 10 ಮಿ.ಮೀ. ಪ್ಲೇಟಿನ ಅಡ್ಡಗೋಡೆ ಬೆಸೆದರೆ ಚಾನಲ್ಲಿನ ತೆಳು ಭಾಗ ಮಡಚಿಕೊಳ್ಳುವುದಿಲ್ಲ. ಬೆಸುಗೆಗೆ ಒಣಗಿಸಿಟ್ಟ 7018 ರಾಡು ಸರಿ. ಮೊದಲು ಎಲ್ಲ ಮೂಲೆಗೂ ಟ್ಯಾಕ್ ಹೊಡೆದು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಸಮವಿದೆಯೇ ನೋಡಿ, ಆಮೇಲೆ ಎಡ ಬಲ ಬದಲಿಸುತ್ತ ಸ್ವಲ್ಪ ಸ್ವಲ್ಪವೇ ಬೆಸೆಯಬೇಕು. ಒಂದೇ ಕಡೆಯಿಂದ ಮುಗಿಸಿಕೊಂಡು ಬಂದರೆ ಉಕ್ಕು ತಣಿಯುವಾಗ ಇಡೀ ಚೌಕಟ್ಟನ್ನು ತನ್ನತ್ತ ಎಳೆದುಕೊಂಡಿರುತ್ತದೆ.

ಜಾಕನ್ನು ತಲೆಕೆಳಗಾಗಿ ತೂಗುಹಾಕಿ ಕೆಳಕ್ಕೆ ಒತ್ತಿಸುವ ಯೋಚನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಸಾಮಾನ್ಯ ಬಾಟಲ್ ಜಾಕಿನಲ್ಲಿ ಎಣ್ಣೆ ಹೀರುವ ದಾರಿ ತಳದಲ್ಲಿರುವುದರಿಂದ ತಲೆಕೆಳಗಾದರೆ ಪಂಪು ಎಣ್ಣೆಯ ಬದಲು ಗಾಳಿ ಹೀರುತ್ತದೆ. ಆದ್ದರಿಂದ ಜಾಕು ನೆಟ್ಟಗೇ ನಿಲ್ಲಬೇಕು. ಅದು ನಿಲ್ಲುವುದು ಎರಡು ಕಂಬಗಳ ನಡುವೆ ಮೇಲೆ ಕೆಳಗೆ ಸರಿಯುವ ಒಂದು ಹಲಗೆಯ ಮೇಲೆ. ರ‍್ಯಾಮ್ ಮೇಲಿನ ತೊಲೆಯನ್ನು ತಳ್ಳುತ್ತದೆ. ತೊಲೆ ಕದಲದ ಕಾರಣ ಜಾಕು, ಹಲಗೆ, ಹಲಗೆಯ ಕೆಳಗಿನ ಒತ್ತುಗೋಲು ಒಟ್ಟಾಗಿ ಕೆಳಗಿಳಿಯುತ್ತವೆ. ಜಾಕಿನ ನಡುರೇಖೆ ಮತ್ತು ಗೋಲಿನ ನಡುರೇಖೆ ಒಂದೇ ಆಗಿದ್ದರೆ ಈ ಹಲಗೆಗೆ 25 ಮಿ.ಮೀ. ದಪ್ಪ ಸಾಕು. ಸರಿದಿದ್ದರೆ ಎಷ್ಟು ದಪ್ಪವಿದ್ದರೂ ರ‍್ಯಾಮ್ ಓರೆಯಾಗಿ ಸೀಲು ಹರಿಯುತ್ತದೆ. ಹಲಗೆಯನ್ನು ಮೇಲಿನ ತೊಲೆಗೆ ತೂಗುಹಾಕುವ ಎರಡು ಸ್ಪ್ರಿಂಗುಗಳು ಜಾಕಿನ ತೂಕ ಎತ್ತುವುದಲ್ಲದೆ ಒಳಗಿನ ಎಣ್ಣೆಯನ್ನು ತೊಟ್ಟಿಗೆ ಹಿಂದಿರುಗಿಸುವಷ್ಟು ಬಿಗಿಯಾಗಿರಬೇಕು. ಕೆಳಗಿನ ತೊಲೆ ಮೂವತ್ತು ಕೆ.ಜಿ. ದಾಟುವುದರಿಂದ ಅದನ್ನು ಒಂದು ರಂಧ್ರದಿಂದ ಇನ್ನೊಂದಕ್ಕೆ ಎತ್ತಲು ಪಕ್ಕದಲ್ಲಿ ಸಣ್ಣ ಕೈ ವಿಂಚ್ ಹಾಕುವುದು ಸುಖ. ಇಲ್ಲದಿದ್ದರೆ ಎರಡು ಜನ ಬೇಕು. ಪಿನ್ನು ಎಳೆಯುವಾಗ ಬೆರಳು ಸಿಕ್ಕಿಕೊಳ್ಳುವುದೂ ಹೀಗೆ ಎತ್ತುವಾಗಲೇ.

ಗಾಳಿಯ ಸಾಲಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಂಪ್ರೆಸರಿನಿಂದ ಬರುವ ಗಾಳಿಯಲ್ಲಿ ನೀರಿರುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಅದು ಮೋಟರಿಗೆ ಹೋದರೆ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಳ್ಳುತ್ತದೆ. ನೀರು ಸೋಸುವ ಫಿಲ್ಟರ್, ಒತ್ತಡ ಹಿಡಿಯುವ ರೆಗ್ಯುಲೇಟರ್, ಗಾಳಿಗೆ ತುಸು ಎಣ್ಣೆ ಬೆರೆಸುವ ಲ್ಯೂಬ್ರಿಕೇಟರ್ ಮೂರೂ ಒಟ್ಟಿಗಿರುವ ಎಫ್‌ಆರ್‌ಎಲ್ ಘಟಕವನ್ನು ಗೋಡೆಗೆ ಬಿಗಿದರೆ ಮುಗಿಯಿತು. ಗಾಳಿ ಬಿಡುವ ವಾಲ್ವು ಕೈ ತೆಗೆದ ಕೂಡಲೇ ಮುಚ್ಚಿಕೊಳ್ಳುವಂಥದ್ದೇ ಆಗಬೇಕು. ಕಾಲಿನಿಂದ ಒತ್ತುವ ಪೆಡಲ್ ಹಾಕಿಸಿದರೆ ಎರಡೂ ಕೈ ಖಾಲಿಯಿರುತ್ತವೆ ಎಂದು ಹಲವರು ಅದನ್ನು ಮೆಚ್ಚುತ್ತಾರೆ. ಖಾಲಿ ಕೈ ಪ್ರೆಸ್‌ನ ಬಾಯಿಗೆ ಹೋಗುತ್ತದೆ ಎಂಬುದೇ ಅದರ ದೋಷ. ಕೈವಾಲ್ವು ನಿಧಾನವೆನಿಸಿದರೂ ಒಂದು ಕೈಯನ್ನಾದರೂ ದೂರ ಇಡುತ್ತದೆ.

ರ‍್ಯಾಮ್ ಎಷ್ಟು ಒತ್ತುತ್ತಿದೆ ಎಂದು ತಿಳಿಯಲು ಗೇಜ್ ಬೇಕು. ಗೇಜಿಗೆ ಜಾಗ ಬಿಟ್ಟಿರುವ ಜಾಕುಗಳು ಸಿಗುತ್ತವೆ, ಅಂಥದ್ದನ್ನೇ ಕೊಳ್ಳುವುದು ಲೇಸು. 60 ಮಿ.ಮೀ. ರ‍್ಯಾಮಿನಲ್ಲಿ ಪ್ರತಿ 100 ಬಾರ್ ಅಂದರೆ 2.9 ಟನ್. ಈ ಲೆಕ್ಕವನ್ನು ಒಂದು ತಗಡಿನ ಮೇಲೆ ಬರೆದು ಕಂಬಕ್ಕೆ ಹೊಡೆದಿಟ್ಟರೆ ಪ್ರತಿ ಸಲ ಗುಣಿಸುವ ಗೋಜಿಲ್ಲ. ಜಾಕಿಗೆ ಹೈಡ್ರಾಲಿಕ್ ಎಣ್ಣೆಯೇ ಹಾಕಬೇಕು, ತಯಾರಕರು ಹೇಳಿದ ದರ್ಜೆಯದು. ಬ್ರೇಕ್ ಆಯಿಲ್ ನೈಟ್ರೈಲ್ ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಹೊಸ ಜಾಕಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಹಾಕಲು ರಿಲೀಸ್ ವಾಲ್ವ್ ತೆರೆದಿಟ್ಟು, ಭಾರವಿಲ್ಲದೆ ಹಿಡಿಕೆಯನ್ನು ಹತ್ತಾರು ಸಲ ಒತ್ತಿದರೆ ಸಾಕು.

ಬಳಸುವಾಗ ಗಾಳಿ ಮತ್ತು ಹಿಡಿಕೆ ಎರಡೂ ಇರುವ ಜಾಕಿನ ಬೆಲೆ ತಿಳಿಯುತ್ತದೆ. ಹಬ್ಬಿನಿಂದ ಬೇರಿಂಗ್ ಹೊರಡಿಸುವ ಕೆಲಸವನ್ನೇ ತೆಗೆದುಕೊಳ್ಳಬಹುದು. ಹಬ್ಬನ್ನು ಅಡ್ಡಪಟ್ಟಿಗಳ ಮೇಲೆ, ಬೇರಿಂಗ್ ಇಳಿಯಲು ಕೆಳಗೆ ಜಾಗ ಬಿಟ್ಟು, ಅಲುಗಾಡದಂತೆ ಇಡಬೇಕು. ಬೇರಿಂಗಿನ ಹೊರ ಬಳೆಯಷ್ಟೇ ಅಗಲದ ಉಕ್ಕಿನ ಬಳೆಯೊಂದು ಅದರ ಮೇಲೆ. ಸಾಮಾನ್ಯವಾಗಿ ಇದಕ್ಕೆ ಸವೆದ ಹಳೆ ಬೇರಿಂಗಿನ ಬಳೆಯನ್ನೇ ಒಂದು ಚೂರು ಸಾಣೆ ಹಿಡಿದು ಬಳಸುವ ರೂಢಿಯಿದೆ. ಆದರೆ ಬೇರಿಂಗ್ ಉಕ್ಕು ಪುಟ ಕೊಟ್ಟು ಗಡಸಾಗಿಸಿದ್ದು, ಒತ್ತಡದಲ್ಲಿ ಚೂರಾಗಿ ಸಿಡಿಯಬಹುದು. ಲೇತಿನಲ್ಲಿ ಮೆತ್ತನೆ ಉಕ್ಕಿನಿಂದ ಕಡೆದ ಬಳೆ ಕ್ಷೇಮ. ಗಾಳಿ ಬಿಟ್ಟು ಒತ್ತುಗೋಲನ್ನು ಬಳೆ ಮುಟ್ಟುವಷ್ಟು ಇಳಿಸಿ ಅಲ್ಲಿ ನಿಲ್ಲಿಸಬೇಕು. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಬಗ್ಗಿ ನೋಡಿ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ಹಿಡಿಕೆಯಿಂದ ನಿಧಾನವಾಗಿ ಭಾರ ಹೇರಬೇಕು. ಗೇಜಿನ ಮುಳ್ಳು ಏರುತ್ತ ಹೋಗಿ, ಬೇರಿಂಗ್ ಕದಲಿದ ಕ್ಷಣ ಟಕ್ಕೆಂದು ಸದ್ದಾಗಿ ತಟ್ಟನೆ ಇಳಿಯುತ್ತದೆ. ಆಮೇಲಿನ ದಾರಿಗೆ ಗಾಳಿ ಬಿಟ್ಟರಾಯಿತು. ಮುಳ್ಳು ಏರುತ್ತಲೇ ಇದ್ದು ಏನೂ ಕದಲದಿದ್ದರೆ ಟನ್ ಸಾಲದೆಂದು ಅರ್ಥವಲ್ಲ. ಬಹಳ ಸಲ ಒಳಗೆಲ್ಲೋ ಒಂದು ಸರ್ಕ್ಲಿಪ್ ಬಿಚ್ಚದೆ ಉಳಿದಿರುತ್ತದೆ. ಹೊಸ ಬೇರಿಂಗ್ ಕೂರಿಸುವಾಗ ಒಂದೇ ನಿಯಮ: ಹಬ್ಬಿನೊಳಗೆ ಕೂರುವುದಾದರೆ ಹೊರ ಬಳೆಗೆ, ಶಾಫ್ಟಿನ ಮೇಲೆ ಕೂರುವುದಾದರೆ ಒಳ ಬಳೆಗೆ ಒತ್ತಬೇಕು. ಗುಂಡುಗಳ ಮೂಲಕ ಭಾರ ಹಾಯಿಸಿದರೆ ಪ್ರೆಸ್ ಕೂಡ ಸುತ್ತಿಗೆಯಷ್ಟೇ ಹಾಳು ಮಾಡುತ್ತದೆ.

ಎರಕದ ಕಬ್ಬಿಣದ ತುಂಡುಗಳನ್ನು ಅಡ್ಡಪಟ್ಟಿಯಾಗಿ ಬಳಸುವುದು ಅಪಾಯ. ಅದು ಬಾಗುವುದಿಲ್ಲ, ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ವೇಲ್ಸಿನ ಮೆನಾಯ್ ಜಲಸಂಧಿಯ ಮೇಲೆ ಬ್ರಿಟಾನಿಯಾ ಸೇತುವೆ ಕಟ್ಟುವಾಗ, 1849ರ ಆಗಸ್ಟಿನಲ್ಲಿ, ಸಾವಿರಕ್ಕೂ ಹೆಚ್ಚು ಟನ್ ತೂಕದ ಕಬ್ಬಿಣದ ಕೊಳವೆಯನ್ನು ಎತ್ತುತ್ತಿದ್ದ ಹೈಡ್ರಾಲಿಕ್ ಪ್ರೆಸ್‌ನ ಎರಕದ ಸಿಲಿಂಡರಿನ ತಳ ಕಿತ್ತುಬಂತು. ಕೊಳವೆ ಕೆಲವೇ ಅಂಗುಲ ಕುಸಿದು ನಿಂತಿತು. ಕಾರಣ, ಎತ್ತಿದಂತೆಲ್ಲ ಅದರ ಕೆಳಗೆ ಆಧಾರ ತುಂಬುತ್ತ ಬರಬೇಕೆಂದು ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಪಟ್ಟು ಹಿಡಿದಿದ್ದ. ವರ್ಕ್‌ಶಾಪಿನಲ್ಲಿ ಆ ಆಧಾರದ ಜಾಗದಲ್ಲಿರುವುದು ಕಂಬಗಳಿಗೆ ಕೀಲು ಹಾಕಿ ತೂಗುಬಿಟ್ಟ ದಪ್ಪ ಪಾಲಿಕಾರ್ಬೊನೇಟ್ ಹಾಳೆ. ಸಿಡಿದ ಚೂರು ಅದಕ್ಕೆ ಬಡಿಯಬೇಕು, ಕಣ್ಣಿಗಲ್ಲ. ಕನ್ನಡಕ ಹೇಗೂ ಬೇಕೇ ಬೇಕು. ಎಣ್ಣೆ ಸೋರುವ ಜಾಗವನ್ನು ಬೆರಳಿನಿಂದ ತಡಕಾಡಬಾರದು. ನೂರಾರು ಬಾರ್ ಒತ್ತಡದಲ್ಲಿ ಸೂಜಿರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಹೊರಗೆ ಚುಕ್ಕೆಯಷ್ಟೇ ಕಾಣುವುದರಿಂದ ಜನ ಅಸಡ್ಡೆ ಮಾಡುತ್ತಾರೆ, ಆದರೆ ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೇ ಹೋಗಬಹುದು. ಸೋರಿಕೆ ಹುಡುಕಲು ಒತ್ತಡ ಇಳಿಸಿ ಜಾಗ ಒರೆಸಿಕೊಂಡು, ಮತ್ತೆ ಒತ್ತಡ ಏರಿಸಿ, ಕೈ ದೂರವಿಟ್ಟು ರಟ್ಟಿನ ತುಂಡು ಹಿಡಿಯಬೇಕು.

ಕಟ್ಟಿ ಮುಗಿದ ಪ್ರೆಸ್‌ಗೆ ಬಣ್ಣ ಬಳಿಯುವ ಮುನ್ನ ಪರೀಕ್ಷೆ ಆಗಬೇಕು. ಬೆಸುಗೆಗಳ ಮೇಲೂ ತೊಲೆಗಳ ನಡುಭಾಗದಲ್ಲೂ ತೆಳ್ಳಗೆ ಸುಣ್ಣ ಬಳಿದು ಒಣಗಲು ಬಿಡುವುದು ಹಳೆಯ ಕ್ರಮ. ಉಕ್ಕು ಹಿಗ್ಗಲಾರದಷ್ಟು ಹಿಗ್ಗಿದ ಕಡೆ ಸುಣ್ಣ ಬಿರಿದು ಉದುರುತ್ತದೆ. ತೊಲೆಯ ಎರಡು ತುದಿಗೆ ದಾರ ಬಿಗಿದು ನಡುವಿನ ಅಂತರ ಬರೆದಿಟ್ಟುಕೊಳ್ಳಬೇಕು. ಒತ್ತುಗೋಲಿನ ಕೆಳಗೆ ದಪ್ಪ ಉಕ್ಕಿನ ಗಟ್ಟಿ ಇಟ್ಟು, ಉದ್ದನೆಯ ಗಾಳಿ ಕೊಳವೆಯ ತುದಿಯಲ್ಲಿ ಪಕ್ಕಕ್ಕೆ ನಿಂತು, 5, 10, 15, 20 ಟನ್ನಿಗೆ ಹಂತಹಂತವಾಗಿ ಏರಿಸಿ ಪ್ರತಿ ಹಂತದಲ್ಲೂ ಕೆಲವು ನಿಮಿಷ ನಿಲ್ಲಿಸಬೇಕು. ಭಾರ ಇಳಿಸಿದ ಮೇಲೆ ದಾರದ ಅಂತರ ಮೊದಲಿನಷ್ಟೇ ಇದ್ದರೆ ತೊಲೆ ಸರಿಯಿದೆ, ಅರ್ಧ ಮಿ.ಮೀ. ಉಳಿದುಕೊಂಡಿದ್ದರೂ ಅದು ಬಾಗಿದೆ ಎಂದೇ ಲೆಕ್ಕ, ಆ ತೊಲೆಯನ್ನು ಬದಲಿಸಬೇಕು.

20 ಟನ್ನಿನಲ್ಲಿ ನಿಲ್ಲಿಸಿದಾಗ ಗೇಜಿನ ಮುಳ್ಳು ತಾನಾಗಿ ಇಳಿಯುತ್ತಿದ್ದರೆ ಚೌಕಟ್ಟಿನ ತಪ್ಪಲ್ಲ. ಜಾಕಿನ ಗುಂಡು ವಾಲ್ವಿನ ಪೀಠದಲ್ಲಿ ಕಸ ಕೂತಿರುತ್ತದೆ, ಅಥವಾ ರಿಲೀಸ್ ವಾಲ್ವು ಪೂರ್ತಿ ಮುಚ್ಚಿಲ್ಲ. ಎಣ್ಣೆ ಬಸಿದು ಹೊಸದು ಹಾಕಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಆಮೇಲಿನ ಪೋಷಣೆ ಸುಲಭ: ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಬಿಡುವುದು, ಪಿನ್ನುಗಳಿಗೆ ಗ್ರೀಸು, ಎಫ್‌ಆರ್‌ಎಲ್ ಬಟ್ಟಲಿನಲ್ಲಿ ಎಣ್ಣೆ, ಕೆಲಸವಿಲ್ಲದಾಗ ರ‍್ಯಾಮ್ ಪೂರ್ತಿ ಒಳಗೆ. ಹೊರಗೆ ಚಾಚಿಕೊಂಡ ರ‍್ಯಾಮಿನ ಮೇಲೆ ಗ್ರೈಂಡರಿನ ಕಿಡಿ ಬಿದ್ದರೆ ಅದು ಮಾಡುವ ಚುಕ್ಕೆಗಾಯವೇ ಮುಂದಿನ ಸಲ ಒಳಹೋಗುವಾಗ ಸೀಲನ್ನು ಕೊಯ್ಯುತ್ತದೆ.